‘ಗಂಟಲಲ್ಲಿ ಗಂಟು’ ಎನ್ನುವ ಮೊದಲು: ಕುತ್ತಿಗೆಯನ್ನು ನೋಡಿಕೊಳ್ಳುವ, ತೋರಿಸುವ ಕ್ರಮ

‘ಗಂಟಲಲ್ಲಿ ಗಂಟಾಗಿದೆ, ಥೈರಾಯ್ಡ್ ಇರಬಹುದೇ?’ ಓದುಗರು ಕಳುಹಿಸುವ ಪ್ರಶ್ನೆಗಳಲ್ಲಿ ಇಷ್ಟು ಸಲ ಮರಳಿ ಬರುವುದು ಇನ್ನೊಂದಿಲ್ಲ. ಈ ಒಂದು ಸಾಲಿನೊಳಗೆ ಎರಡು ಗೊಂದಲಗಳಿವೆ. ಕುತ್ತಿಗೆ, ಕೊರಳು, ಗಂಟಲು ಎಂಬ ಮೂರು ಮಾತುಗಳು ನಮ್ಮಲ್ಲಿದ್ದರೂ, ಹೊರಗೆ ಕೈಗೆ ಸಿಗುವ ಗಂಟನ್ನೂ ಒಳಗೆ ಏನೋ ಸಿಕ್ಕಿಕೊಂಡಂತಾಗುವ ಅನುಭವವನ್ನೂ ನಾವು ‘ಗಂಟಲಲ್ಲಿ ಗಂಟು’ ಎಂದೇ ಹೇಳಿಬಿಡುತ್ತೇವೆ. ವೈದ್ಯರ ಮಟ್ಟಿಗೆ ಇವೆರಡೂ ಬೇರೆ ಬೇರೆ ದಾರಿಗಳು. ಇನ್ನು ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ಅದು ಎಲ್ಲರ ಕೊರಳಲ್ಲೂ ಇರುವ ಗ್ರಂಥಿ, ಆದ್ದರಿಂದ ‘ನನಗೆ ಥೈರಾಯ್ಡ್ ಇದೆ’ ಎಂಬ ಮಾತಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಕುತ್ತಿಗೆಯ ವಿಷಯದಲ್ಲಿ ಗಂಟು ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಎಲ್ಲಿದೆ, ಹೇಗೆ ಚಲಿಸುತ್ತದೆ ಮತ್ತು ಎಷ್ಟು ದಿನಗಳಿಂದ ಇದೆ ಎಂಬ ಮೂರು ಸಂಗತಿಗಳು ಹೆಚ್ಚು ಹೇಳುತ್ತವೆ. ಈ ಮೂರನ್ನೂ ನೀವೇ ಮನೆಯಲ್ಲಿ ಗುರುತಿಸಿಕೊಳ್ಳಬಹುದು. ರೋಗ ಯಾವುದೆಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಸರಿಯಾದ ವಿವರದೊಂದಿಗೆ, ಸರಿಯಾದ ಸಮಯಕ್ಕೆ, ಸರಿಯಾದ ವೈದ್ಯರ ಮುಂದೆ ಕುಳಿತುಕೊಳ್ಳುವುದು ನಿಮ್ಮ ಕೆಲಸ.

ಮೊದಲಿಗೆ ಒಂದು ಎಚ್ಚರಿಕೆ. ಉಸಿರೆಳೆದುಕೊಳ್ಳುವಾಗ ಸೀಟಿಯಂತೆ ಅಥವಾ ಗರಗಸದಂತೆ ಸದ್ದಾಗುತ್ತಿದ್ದರೆ, ಜೊಲ್ಲನ್ನೂ ನುಂಗಲಾಗದೆ ಬಾಯಿಂದ ಸೋರುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಅಥವಾ ಜ್ವರದೊಂದಿಗೆ ಗದ್ದದ ಅಡಿಭಾಗ ಹಲಗೆಯಂತೆ ಗಟ್ಟಿಯಾಗಿ ಊದಿಕೊಂಡು ನಾಲಿಗೆಯನ್ನು ಮೇಲಕ್ಕೆತ್ತುತ್ತಿದ್ದರೆ ಈ ಲೇಖನವನ್ನು ಮುಚ್ಚಿಟ್ಟು 108ಕ್ಕೆ ಕರೆ ಮಾಡಿ. ಕೊನೆಯ ಲಕ್ಷಣವು ಸಾಮಾನ್ಯವಾಗಿ ಕೆಳದವಡೆಯ ಹುಳುಕು ಹಲ್ಲಿನಿಂದ ಆರಂಭವಾದ ಸೋಂಕಿನದು. ಅದು ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿಯನ್ನು ಮುಚ್ಚಬಲ್ಲದು.

ಬೇಕಾಗುವ ಸಾಮಗ್ರಿ

ಎದೆಮಟ್ಟದವರೆಗೆ ಕಾಣುವ ಕನ್ನಡಿ, ಒಂದು ಲೋಟ ನೀರು, ಪಕ್ಕದಿಂದ ಬೀಳುವ ಹಗಲು ಬೆಳಕು, ಒಂದು ಅಳತೆಪಟ್ಟಿ, ಕಾಗದ ಮತ್ತು ಪೆನ್ನು ಇದ್ದರೆ ಸಾಕು. ತಾಳಿ, ಸರ, ದುಪಟ್ಟಾ ಎಲ್ಲವನ್ನೂ ತೆಗೆದಿಟ್ಟು, ಎರಡೂ ಕೊರಳೆಲುಬುಗಳು (ಭುಜದಿಂದ ಎದೆಯ ನಡುವಿಗೆ ಬರುವ ಅಡ್ಡ ಮೂಳೆಗಳು) ಪೂರ್ತಿಯಾಗಿ ಕಾಣುವಂತೆ ಬಟ್ಟೆಯನ್ನು ಸರಿಸಿಕೊಳ್ಳಿ. ಕಾಲರಿನ ಮರೆಯಲ್ಲೇ ತಪ್ಪಿಹೋಗುವ ಗಂಟುಗಳು ಕಡಿಮೆಯಲ್ಲ.

ಹಂತ 1: ಗಂಟು ಒಳಗೋ, ಹೊರಗೋ?

ಗಂಟಲಿನೊಳಗೆ ಉಂಡೆ ಕುಳಿತಂತೆ ಭಾಸವಾಗುತ್ತದೆ, ಬರಿಯ ಎಂಜಲು ನುಂಗುವಾಗ ಅದು ಹೆಚ್ಚು ಕಾಡುತ್ತದೆ, ಆದರೆ ಊಟ ಮಾಡುವಾಗ ಅನ್ನವೂ ನೀರೂ ಸಲೀಸಾಗಿ ಇಳಿಯುತ್ತವೆ. ಆತಂಕದ ದಿನಗಳಲ್ಲಿ ಹೆಚ್ಚು, ಮರೆತಾಗ ಇಲ್ಲ. ನಿಮ್ಮ ಅನುಭವ ಹೀಗಿದ್ದು ಹೊರಗೆ ಕೈಗೆ ಏನೂ ಸಿಗದಿದ್ದರೆ, ಅದನ್ನು ವೈದ್ಯರು ‘ಗ್ಲೋಬಸ್’ ಎಂದು ಕರೆಯುತ್ತಾರೆ. ಗಂಟಲಿನ ಸ್ನಾಯುಗಳ ಬಿಗಿತ, ಹೊಟ್ಟೆಯ ಆಮ್ಲ ಮೇಲಕ್ಕೆ ಬರುವುದು, ಪದೇ ಪದೇ ಗಂಟಲು ಕೆರೆದು ಸರಿಪಡಿಸಿಕೊಳ್ಳುವ ಅಭ್ಯಾಸ ಇವೆಲ್ಲ ಅದರ ಹಿಂದಿರಬಹುದು. ಅದು ನಿಮ್ಮ ಕಲ್ಪನೆಯಲ್ಲ, ಆದರೆ ಗಡ್ಡೆಯೂ ಅಲ್ಲ. ಒಮ್ಮೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿದರೆ ಸಾಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಚಿತ್ರವೊಂದಿದೆ. ಎಂಜಲು ಇಳಿಯುತ್ತದೆ, ಆದರೆ ಮೊದಲು ರೊಟ್ಟಿ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಸಿಕ್ಕಿಕೊಳ್ಳತೊಡಗುತ್ತದೆ. ದಿನದಿಂದ ದಿನಕ್ಕೆ ಹೀಗೆ ಏರುತ್ತ ಹೋಗುವ ತೊಂದರೆಯನ್ನು ಗ್ಲೋಬಸ್ ಎಂದು ಭಾವಿಸಬೇಡಿ; ಅನ್ನನಾಳವನ್ನು ಎಂಡೋಸ್ಕೋಪಿಯಿಂದ ನೋಡಲೇಬೇಕು.

ಹಂತ 2: ನಡುಗೆರೆಯ ಗುರುತುಗಳನ್ನು ಪರಿಚಯ ಮಾಡಿಕೊಳ್ಳಿ

ಗಂಟನ್ನು ಹುಡುಕುವ ಮೊದಲು ಸಹಜವಾಗಿ ಇರಬೇಕಾದದ್ದನ್ನು ತಿಳಿಯಬೇಕು. ಬೆರಳನ್ನು ಗದ್ದದ ಕೆಳಗಿಟ್ಟು ನಡುಗೆರೆಯಲ್ಲೇ ನಿಧಾನವಾಗಿ ಕೆಳಗಿಳಿಸಿ. ಗದ್ದವೂ ಕೊರಳೂ ಸೇರುವ ಮೂಲೆಯಲ್ಲಿ ಮೊದಲು ಸಿಗುವುದು ಹೈಯಾಯ್ಡ್ ಮೂಳೆ. ಕುದುರೆಲಾಳದ ಆಕಾರದ ಈ ಪುಟ್ಟ ಮೂಳೆ ಬೇರೆ ಯಾವ ಮೂಳೆಗೂ ನೇರವಾಗಿ ಜೋಡಿಸಿಕೊಂಡಿಲ್ಲ, ಸ್ನಾಯುಗಳಲ್ಲಿ ತೂಗುಹಾಕಿಕೊಂಡಿದೆ. ಅದರ ಕೆಳಗೆ ಮೃದ್ವಸ್ಥಿಯ, ಎಂದರೆ ಕಿವಿಯ ಮೇಲ್ಭಾಗದಲ್ಲಿರುವಂಥ ಬಾಗುವ ಎಲುಬಿನ, ಗಂಟಲಮಣಿ ಇದೆ. ಗಂಡಸರಲ್ಲಿ ಇದರ ಮುಂಚಾಚು ಚೂಪಾಗಿ ಕಾಣುತ್ತದೆ. ಹೆಂಗಸರಲ್ಲಿ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಧ್ವನಿತಂತುಗಳು ಇರುವುದು ಇದರ ಹಿಂದೆಯೇ. ಇನ್ನೂ ಕೆಳಗೆ ಒಂದು ಸಣ್ಣ ತಗ್ಗು, ಆಮೇಲೆ ಉಂಗುರದಂತೆ ಗಟ್ಟಿಯಾದ ಕ್ರೈಕಾಯ್ಡ್, ಅದರಿಂದ ಕೆಳಗೆ ಶ್ವಾಸನಾಳದ ಉಂಗುರಗಳು.

ಇನ್ನು ಥೈರಾಯ್ಡ್. ಹೆಚ್ಚಿನವರು ಅದು ಗಂಟಲಮಣಿಯಲ್ಲೇ ಇದೆ ಎಂದು ತಿಳಿದು ಅಲ್ಲಿಯೇ ಹುಡುಕುತ್ತಾರೆ, ಅದು ತಪ್ಪು. ಚಿಟ್ಟೆಯಂತೆ ರೆಕ್ಕೆ ಹರಡಿಕೊಂಡಿರುವ ಈ ಗ್ರಂಥಿಯ ನಡುಪಟ್ಟಿ ಕ್ರೈಕಾಯ್ಡಿನಿಂದ ಕೆಳಗೆ, ಶ್ವಾಸನಾಳದ ಎರಡರಿಂದ ನಾಲ್ಕನೆಯ ಉಂಗುರಗಳ ಮೇಲೆ ಕುಳಿತಿರುತ್ತದೆ. ಎರಡು ಪಕ್ಕದ ಹಾಲೆಗಳು ತಲಾ ಸುಮಾರು 5 ಸೆಂ.ಮೀ. ಉದ್ದವಿದ್ದು ಮೇಲಕ್ಕೆ ಗಂಟಲಮಣಿಯ ಪಕ್ಕದವರೆಗೆ ಚಾಚಿಕೊಳ್ಳುತ್ತವೆ. ಇಡೀ ಗ್ರಂಥಿಯ ತೂಕ ಸುಮಾರು 15ರಿಂದ 25 ಗ್ರಾಂ. ಆರೋಗ್ಯವಂತರಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ಅನೇಕರಲ್ಲಿ ಕೈಗೂ ಸಿಗುವುದಿಲ್ಲ. ಗರ್ಭಿಣಿಯರಲ್ಲಿ ಸ್ವಲ್ಪ ಉಬ್ಬುವುದು ಸಹಜ.

ಈ ಗ್ರಂಥಿಯ ಒಂದು ಗುಣವನ್ನು ಮಾತ್ರ ನೆನಪಿಡಿ, ಏಕೆಂದರೆ ಮುಂದಿನ ಹಂತಗಳು ಅದರ ಮೇಲೆ ನಿಂತಿವೆ. ಥೈರಾಯ್ಡನ್ನು ಸುತ್ತಿರುವ ಪೊರೆ ಮತ್ತು ಅದರ ಬಂಧಕ ಪಟ್ಟಿಗಳು ಗ್ರಂಥಿಯನ್ನು ಧ್ವನಿಪೆಟ್ಟಿಗೆಗೂ ಶ್ವಾಸನಾಳಕ್ಕೂ ಕಟ್ಟಿಹಾಕಿವೆ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರುತ್ತದೆ, ಅದರೊಂದಿಗೆ ಥೈರಾಯ್ಡೂ ಏರಿ ಇಳಿಯುತ್ತದೆ. ಗುಟುಕು ನುಂಗಿದಾಗ ಮೇಲಕ್ಕೆ ಹೋಗಿ ಬರುವ ಗಂಟು ಬಹುಮಟ್ಟಿಗೆ ಥೈರಾಯ್ಡಿಗೆ ಸೇರಿದ್ದು. ಅಲುಗಾಡದೆ ನಿಲ್ಲುವ ಗಂಟು ಬಹುಮಟ್ಟಿಗೆ ಬೇರೆ ಯಾವುದೋ.

ಹಂತ 3: ಪಕ್ಕದ ಭಾಗಗಳನ್ನು ಗುರುತಿಸಿ

ತಲೆಯನ್ನು ಬಲಕ್ಕೆ ತಿರುಗಿಸಿ; ಎಡಗಡೆ ಕಿವಿಯ ಹಿಂದಿನ ಉಬ್ಬಿನಿಂದ ಎದೆಮೂಳೆಯವರೆಗೆ ಹಗ್ಗದಂತೆ ಎದ್ದು ನಿಲ್ಲುವ ಸ್ನಾಯುವೇ ಕುತ್ತಿಗೆಯ ಗಡಿಗೆರೆ. ಅದರ ಮುಂದಿನದು ಒಂದು ತ್ರಿಕೋನ, ಹಿಂದಿನದು ಇನ್ನೊಂದು. ಗಂಟು ಈ ಹಗ್ಗದ ಮುಂದಿದೆಯೋ, ಹಿಂದಿದೆಯೋ, ಅಡಿಯಲ್ಲಿದೆಯೋ ಎಂದು ಹೇಳಬಲ್ಲ ರೋಗಿಯು ವೈದ್ಯರ ಅರ್ಧ ಕೆಲಸವನ್ನು ಮುಗಿಸಿಕೊಟ್ಟಂತೆ.

ಈ ಪ್ರದೇಶವೆಲ್ಲ ದುಗ್ಧಗ್ರಂಥಿಗಳ ನಾಡು. ದುಗ್ಧಗ್ರಂಥಿ ಎಂದರೆ ಸೋಂಕು ಮತ್ತು ಕೆಟ್ಟ ಕೋಶಗಳನ್ನು ಸೋಸುವ, ಕಾಳಿನ ಗಾತ್ರದ ಠಾಣೆ; ಇಂಥವು ಕುತ್ತಿಗೆಯೊಂದರಲ್ಲೇ ನೂರಾರು ಇವೆ. ಪ್ರತಿ ಠಾಣೆಗೂ ತನ್ನದೇ ವ್ಯಾಪ್ತಿ ಇದೆ, ಊದಿದ ಗ್ರಂಥಿಯ ಸ್ಥಳವೇ ಎಲ್ಲಿ ನೋಡಬೇಕೆಂದು ಬೆರಳು ತೋರಿಸುತ್ತದೆ. ದವಡೆಯ ಕೆಳಗಿನದು ಊದಿದರೆ ಹಲ್ಲು, ವಸಡು, ನಾಲಿಗೆ, ಕೆನ್ನೆಯ ಒಳಭಾಗವನ್ನು ನೋಡಬೇಕು. ದವಡೆಯ ಮೂಲೆಯ ಹಿಂದಿನದು ಊದಿದರೆ ಟಾನ್ಸಿಲ್. ಹಗ್ಗದ ಹಿಂದಿನ ತ್ರಿಕೋನದಲ್ಲಿ, ಹಿಂದಲೆಯ ಬುಡದಲ್ಲಿ ಮಕ್ಕಳಿಗೆ ಸಣ್ಣ ಗಂಟುಗಳು ಕಂಡರೆ ಮೊದಲು ತಲೆಯಲ್ಲಿ ಹೇನು, ಕಜ್ಜಿ, ಗಾಯ ಇವೆಯೇ ಎಂದು ಕೂದಲು ಬಿಡಿಸಿ ನೋಡಿ. ಇನ್ನೊಂದು ಸ್ಥಳವಿದೆ, ಅದಕ್ಕೆ ಬೇರೆಯದೇ ಗಾಂಭೀರ್ಯ: ಕೊರಳೆಲುಬಿನ ಮೇಲಿನ ಗುಳಿ. ಅಲ್ಲಿ, ವಿಶೇಷವಾಗಿ ಎಡಗಡೆ, ಗಟ್ಟಿಯಾದ ಗಂಟು ಕಂಡರೆ ಕಾಯಬಾರದು. ಹೊಟ್ಟೆ ಮತ್ತು ಎದೆಯಿಂದ ಬರುವ ದೊಡ್ಡ ದುಗ್ಧನಾಳ ಎಡಗಡೆ ಬಂದು ರಕ್ತನಾಳಕ್ಕೆ ಸೇರುವುದರಿಂದ, ಜಠರದ ಕ್ಯಾನ್ಸರು ಕೂಡ ತನ್ನ ಮೊದಲ ಸುಳಿವನ್ನು ಇಲ್ಲಿ ಕೊಡುವುದುಂಟು.

ಜೊಲ್ಲುಗ್ರಂಥಿಗಳನ್ನೂ ಮರೆಯಬೇಡಿ. ಕಿವಿಯ ಮುಂದೆ ಮತ್ತು ಕೆಳಗೆ ಊದಿ ಕಿವಿಯ ಹಾಲೆಯನ್ನು ಮೇಲಕ್ಕೆತ್ತುವುದು ಮಂಗನಬಾವಿನ ಪರಿಚಿತ ರೂಪ. ಊಟಕ್ಕೆ ಕುಳಿತಾಗ ಅಥವಾ ಉಪ್ಪಿನಕಾಯಿ ನೆಕ್ಕಿದೊಡನೆ ದವಡೆಯ ಕೆಳಗೆ ನೋವಿನೊಂದಿಗೆ ಉಬ್ಬಿ, ಒಂದೆರಡು ತಾಸಿನಲ್ಲಿ ಇಳಿದುಹೋಗುವ ಗಂಟು ಜೊಲ್ಲುನಾಳದಲ್ಲಿ ಸಿಕ್ಕಿರುವ ಕಲ್ಲಿನ ಸೂಚನೆ.

ಹಂತ 4: ಗಂಟಲ್ಲದ ಗಂಟುಗಳನ್ನು ತಳ್ಳಿಹಾಕಿ

ಹೆದರಿದ ಬೆರಳಿಗೆ ಎಲ್ಲವೂ ಗಂಟೇ. ಹೈಯಾಯ್ಡ್ ಮೂಳೆಯ ಎರಡು ತುದಿಗಳು ಪಕ್ಕದಲ್ಲಿ ಗಟ್ಟಿ ಗುಂಡಿಯಂತೆ ಸಿಗುತ್ತವೆ. ಒಂದು ಕಡೆಯಿಂದ ತಳ್ಳಿದರೆ ಇನ್ನೊಂದು ಕಡೆಯದೂ ಸರಿಯುತ್ತದೆ, ಆದ್ದರಿಂದ ಅವು ಒಂದೇ ಮೂಳೆಯವು. ವಯಸ್ಸಾದಂತೆ ದವಡೆಯಡಿಯ ಜೊಲ್ಲುಗ್ರಂಥಿಗಳು ಜೋತುಬಿದ್ದು ಎರಡೂ ಕಡೆ ಸಮನಾಗಿ ಕೈಗೆ ಸಿಗುವುದುಂಟು. ಕಿವಿಯ ಕೆಳಗೆ ಆಳದಲ್ಲಿ ಒತ್ತಿದರೆ ತಗಲುವ ಗಟ್ಟಿ ಚೂಪು ಮೊದಲನೆಯ ಕತ್ತಿನ ಕಶೇರುಕದ ಪಕ್ಕದ ಚಾಚು. ಗಂಟಲಮಣಿಯ ಮೇಲಂಚಿನ ಮಟ್ಟದಲ್ಲಿ ಪಕ್ಕಕ್ಕೆ ಮಿಡಿಯುವ ಉಬ್ಬು ಕೆರೋಟಿಡ್ ಅಪಧಮನಿ, ಎಂದರೆ ಮಿದುಳಿಗೆ ರಕ್ತ ಒಯ್ಯುವ ನಾಳ, ಕವಲೊಡೆಯುವ ಜಾಗ.

ಎರಡೂ ಕಡೆ ಹೋಲಿಸಿ ನೋಡುವುದೇ ಇದಕ್ಕೆ ಪರಿಹಾರ. ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ಒಂದೇ ರೀತಿ ಸಿಗುವುದು ಸಾಮಾನ್ಯವಾಗಿ ನಿಮ್ಮ ದೇಹದ ರಚನೆಯೇ. ಆದರೆ ಹೋಲಿಸುವಾಗ ಎರಡೂ ಬದಿಗಳನ್ನು ಒಟ್ಟಿಗೆ ಒತ್ತಬಾರದು. ಒಂದನ್ನು ನೋಡಿ ಬಿಟ್ಟು ಇನ್ನೊಂದಕ್ಕೆ ಹೋಗಿ. ಕೆರೋಟಿಡ್ ಕವಲಿನಲ್ಲಿ ರಕ್ತದೊತ್ತಡವನ್ನು ಅಳೆಯುವ ನರತಂತುಗಳಿವೆ, ಅಲ್ಲಿ ಬಲವಾಗಿ ಒತ್ತಿದರೆ ನಾಡಿ ನಿಧಾನವಾಗಿ ತಲೆಸುತ್ತು ಬಂದು ಬೀಳಬಹುದು. ವಯಸ್ಸಾದವರಿಗೆ ಈ ಅಪಾಯ ಹೆಚ್ಚು.

ಹಂತ 5: ಕನ್ನಡಿ ಮತ್ತು ನೀರಿನ ಪರೀಕ್ಷೆ

ಕನ್ನಡಿಯ ಮುಂದೆ ಕುಳಿತು, ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಗಂಟಲಮಣಿಗೂ ಕೊರಳೆಲುಬುಗಳಿಗೂ ನಡುವಿನ ಜಾಗದ ಮೇಲೆ ದೃಷ್ಟಿ ಇಡಿ. ಬಾಯಲ್ಲಿ ಒಂದು ಗುಟುಕು ನೀರು ಹಿಡಿದು ನುಂಗಿ. ಮೇಲೇರುವುದು ಗಂಟಲಮಣಿಯೊಂದೇ ಆದರೆ ಅದು ಸಹಜ. ಅದರ ಕೆಳಗೆ ಅಥವಾ ಪಕ್ಕದಲ್ಲಿ ಇನ್ನೊಂದು ಉಬ್ಬು ಜೊತೆಗೂಡಿ ಏರಿ ಇಳಿದರೆ ಗುರುತು ಹಾಕಿಕೊಳ್ಳಿ. ಮೂರು ನಾಲ್ಕು ಸಲ ಮಾಡಿ, ಒಮ್ಮೆ ಪಕ್ಕದಿಂದ ಮನೆಯವರು ಯಾರಾದರೂ ನೋಡಲಿ. ಪಕ್ಕನೋಟದಲ್ಲಿ ಉಬ್ಬು ಹೆಚ್ಚು ಸ್ಪಷ್ಟ. ತಲೆ ವಾಲಿಸದೆಯೇ ಕಾಣುವಷ್ಟು ಊದಿದ್ದರೆ ಅದು ಗಳಗಂಡ, ಎಂದರೆ ಹಿಗ್ಗಿದ ಥೈರಾಯ್ಡ್, ಎಂಬುದಕ್ಕೆ ಹೆಚ್ಚಿನ ಅನುಮಾನ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದು ಎರಡನೆಯ ದರ್ಜೆ. ಕೈಗೆ ಸಿಕ್ಕರೂ ಸಹಜ ಭಂಗಿಯಲ್ಲಿ ಕಣ್ಣಿಗೆ ಕಾಣದಿದ್ದರೆ ಒಂದನೆಯ ದರ್ಜೆ.

ಈಗ ಬಾಯಿ ತೆರೆದು ನಾಲಿಗೆಯನ್ನು ಪೂರ್ತಿ ಹೊರಚಾಚಿ. ನಡುಗೆರೆಯ ಗಂಟು ನಾಲಿಗೆ ಚಾಚಿದಾಗಲೂ ಮೇಲಕ್ಕೆ ಎಳೆದುಕೊಂಡರೆ ಅದು ಥೈರೋಗ್ಲೋಸಲ್ ಚೀಲ ಇರಬಹುದು. ಥೈರಾಯ್ಡ್ ಹುಟ್ಟುವುದು ಭ್ರೂಣದ ನಾಲಿಗೆಯ ಬುಡದಲ್ಲಿ. ಅಲ್ಲಿಂದ ಹೈಯಾಯ್ಡ್ ಮೂಳೆಯನ್ನು ಸವರಿಕೊಂಡು ಕೊರಳಿಗೆ ಇಳಿಯುತ್ತದೆ. ಆ ದಾರಿ ಮುಚ್ಚಿಹೋಗದೆ ಉಳಿದರೆ ಅದರಲ್ಲಿ ದ್ರವ ತುಂಬಿ ಚೀಲವಾಗುತ್ತದೆ. ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆಯಲ್ಲಿ ಚೀಲದೊಂದಿಗೆ ಹೈಯಾಯ್ಡ್ ಮೂಳೆಯ ನಡುಭಾಗವನ್ನೂ ತೆಗೆಯುವುದು ಈ ದಾರಿಯ ಕಾರಣದಿಂದಲೇ; ಬರಿಯ ಚೀಲವನ್ನು ತೆಗೆದರೆ ಅದು ಮರಳಿ ಬರುವ ಸಂಭವ ಹೆಚ್ಚು.

ದೊಡ್ಡ ಗಳಗಂಡ ಇರುವವರು ಇನ್ನೊಂದನ್ನು ನೋಡಬಹುದು. ಎರಡೂ ಕೈಗಳನ್ನು ಕಿವಿಗೆ ತಗಲುವಂತೆ ನೇರವಾಗಿ ಮೇಲೆತ್ತಿ ಒಂದು ನಿಮಿಷ ಹಿಡಿದಾಗ ಮುಖ ಕೆಂಪೇರಿ ಉಬ್ಬಿದರೆ, ಉಸಿರು ಕಟ್ಟಿದಂತಾದರೆ ತಕ್ಷಣ ಕೈ ಇಳಿಸಿ. ಗ್ರಂಥಿಯು ಎದೆಮೂಳೆಯ ಹಿಂದಕ್ಕೆ ಇಳಿದು ರಕ್ತನಾಳಗಳನ್ನು ಒತ್ತುತ್ತಿರುವ ಲಕ್ಷಣ ಇದು. ಇದನ್ನು ಪೆಂಬರ್ಟನ್ ಚಿಹ್ನೆ ಎನ್ನುತ್ತಾರೆ. ಹೀಗಾದವರು ಆ ವಾರವೇ ಶಸ್ತ್ರವೈದ್ಯರನ್ನು ಕಾಣಬೇಕು.

ಹಂತ 6: ಬೆರಳಿನಿಂದ ನೋಡಿ, ಬರೆದಿಡಿ

ಮೂರು ಬೆರಳುಗಳ ಮೆತ್ತನೆಯ ತುದಿಗಳಿಂದ ವೃತ್ತಾಕಾರವಾಗಿ, ಮೆಲ್ಲಗೆ ನೋಡಿ. ಗಾತ್ರವನ್ನು ‘ಹುಣಸೆಬೀಜದಷ್ಟು’, ‘ಅಡಿಕೆಯಷ್ಟು’ ಎಂದು ಹೇಳುವುದು ನಮ್ಮ ರೂಢಿ. ಅಡಿಕೆಗಳಲ್ಲೇ ಎಷ್ಟು ಗಾತ್ರಗಳಿವೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಆದ್ದರಿಂದ ಅಳತೆಪಟ್ಟಿ ಹಿಡಿದು ಸೆಂಟಿಮೀಟರಿನಲ್ಲಿ ಬರೆಯಿರಿ. ಗಟ್ಟಿತನಕ್ಕೆ ನಿಮ್ಮ ಮುಖವೇ ಅಳತೆಗೋಲು: ತುಟಿಯಂತೆ ಮೆತ್ತಗೋ, ಮೂಗಿನ ತುದಿಯಂತೆ ಬಿಗಿಯೋ, ಹಣೆಯಂತೆ ಕಲ್ಲೋ? ಎರಡು ಬೆರಳುಗಳ ನಡುವೆ ಹಿಡಿದರೆ ಜಾರುತ್ತದೆಯೋ, ಅಡಿಗೆ ಅಂಟಿ ನಿಂತಿದೆಯೋ? ನೋವಿದೆಯೋ? ಒಂದೇ ಇದೆಯೋ, ಹಲವು ಒಂದಕ್ಕೊಂದು ಅಂಟಿಕೊಂಡಿವೆಯೋ? ದಿನಾಂಕ ಹಾಕಿ ಇಷ್ಟನ್ನು ಬರೆದು, ಫೋಟೊ ತೆಗೆದಿಡಿ.

ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ. ನಮ್ಮಲ್ಲಿ ‘ನೋವಿಲ್ಲವಲ್ಲ, ಇರಲಿ ಬಿಡಿ’ ಎಂದು ತಿಂಗಳುಗಟ್ಟಲೆ ಬಿಡುವ ಪದ್ಧತಿ ಇದೆ. ನಿಜಕ್ಕೆ ನೆಗಡಿ, ಟಾನ್ಸಿಲ್, ಹಲ್ಲಿನ ಸೋಂಕಿನಿಂದ ಊದಿದ ಗ್ರಂಥಿಯೇ ಹೆಚ್ಚಾಗಿ ನೋಯುವುದು. ಕ್ಯಾನ್ಸರಿನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಕ್ಷಯದ್ದೂ ಹೆಚ್ಚಾಗಿ ನೋಯುವುದಿಲ್ಲ.

ಬರೆದಿಟ್ಟ ಮೇಲೆ ಕೈ ಬಿಡಿ. ದಿನಕ್ಕೆ ಹತ್ತು ಸಲ ಹಿಚುಕಿ ನೋಡಿದರೆ ಸಾಮಾನ್ಯ ಗ್ರಂಥಿಯೂ ಕೆರಳಿ ಊದಿಕೊಂಡೇ ಇರುತ್ತದೆ. ವಾರಕ್ಕೊಮ್ಮೆ, ಅದೇ ಭಂಗಿಯಲ್ಲಿ ಅಳೆದರೆ ಸಾಕು. ಬಿಸಿ ಶಾಖ, ಸುಣ್ಣದ ಲೇಪ, ಬರೆ ಹಾಕಿಸುವುದು ಯಾವುದೂ ಬೇಡ. ಚರ್ಮ ಸುಟ್ಟರೆ ಮುಂದಿನ ಸ್ಕ್ಯಾನಿಂಗೂ ಶಸ್ತ್ರಚಿಕಿತ್ಸೆಯೂ ಕಷ್ಟವಾಗುತ್ತವೆ.

ಹಂತ 7: ಎಷ್ಟು ದಿನ ಕಾಯಬಹುದು?

ನೆಗಡಿ ಅಥವಾ ಗಂಟಲುನೋವಿನ ಜೊತೆ ಬಂದ, ಒಂದು ಸೆಂ.ಮೀ.ಗಿಂತ ಚಿಕ್ಕದಾದ, ಜಾರುವ, ಮುಟ್ಟಿದರೆ ನೋಯುವ ಗಂಟಿಗೆ ಎರಡರಿಂದ ಮೂರು ವಾರ ಅವಕಾಶ ಕೊಡಬಹುದು. ಮಕ್ಕಳಲ್ಲಿ ಇಂಥವು ಬಹಳ ಸಾಮಾನ್ಯ. ಮೂರು ವಾರ ಕಳೆದರೂ ಕುಗ್ಗದಿದ್ದರೆ ತೋರಿಸಿ.

ಆದರೆ ಕೆಲವರಿಗೆ ಈ ಮೂರು ವಾರದ ರಿಯಾಯಿತಿ ಇಲ್ಲ. ತಂಬಾಕು, ಗುಟ್ಕಾ, ಬೀಡಿ, ಎಲೆ-ಅಡಿಕೆ ಸೇವಿಸುವ ನಲವತ್ತು ದಾಟಿದವರ ಕುತ್ತಿಗೆಯಲ್ಲಿ ಕಂಡ ಹೊಸ ಗಂಟನ್ನು, ಬೇರೆಯೆಂದು ಸಾಬೀತಾಗುವವರೆಗೆ, ಬಾಯಿ ಅಥವಾ ಗಂಟಲಿನ ಕ್ಯಾನ್ಸರ್ ಹರಡಿದ್ದು ಎಂದೇ ಭಾವಿಸಿ ನೋಡಬೇಕು. ತಂಬಾಕಿಲ್ಲದ ಬರಿಯ ಅಡಿಕೆ ನಿರಪಾಯ ಎಂಬ ನಂಬಿಕೆ ಕರಾವಳಿ-ಮಲೆನಾಡಿನಲ್ಲಿ ಗಟ್ಟಿಯಾಗಿದೆ; ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಮೊದಲ ಗುಂಪಿನಲ್ಲಿ ಸೇರಿಸಿದೆ. ಗಂಟಿನೊಂದಿಗೆ ಮೂರು ವಾರ ಮೀರಿದ ಧ್ವನಿ ಒಡಕು, ಬಾಯಲ್ಲಿ ಮಾಯದ ಹುಣ್ಣು, ಉಗುಳಿನಲ್ಲಿ ರಕ್ತ, ಕಿವಿ ಸರಿಯಾಗಿದ್ದರೂ ಒಂದೇ ಕಡೆಯ ಕಿವಿನೋವು, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರುವುದು ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. ಗಂಟಲಿಗೂ ಕಿವಿಗೂ ಒಂದೇ ನರಗಳು ಕವಲೊಡೆಯುವುದರಿಂದ ಗಂಟಲಿನ ರೋಗ ಕಿವಿಯಲ್ಲಿ ನೋಯಬಲ್ಲದು.

ಧ್ವನಿಯ ಬಗ್ಗೆ ಒಂದು ಮಾತು. ಧ್ವನಿತಂತುಗಳನ್ನು ಆಡಿಸುವ ನರ ಮೇಲಿನಿಂದ ನೇರವಾಗಿ ಬರುವುದಿಲ್ಲ. ಎಡಗಡೆಯದು ಎದೆಯೊಳಗೆ ಇಳಿದು ಮಹಾಪಧಮನಿಯ ಕಮಾನನ್ನು ಸುತ್ತಿ ಮತ್ತೆ ಮೇಲೇರುತ್ತದೆ, ಬಲಗಡೆಯದು ಕೊರಳೆಲುಬಿನ ಹಿಂದಿನ ಅಪಧಮನಿಯನ್ನು ಸುತ್ತುತ್ತದೆ. ಹೀಗಾಗಿ ಧ್ವನಿ ಒಡೆದವರಿಗೆ ವೈದ್ಯರು ಎದೆಯ ಎಕ್ಸ್‌ರೇ ಬರೆದುಕೊಟ್ಟರೆ ‘ಗಂಟಲಿಗೆ ಎದೆ ಯಾಕೆ’ ಎಂದು ಸಿಟ್ಟಾಗಬೇಡಿ.

ಹಂತ 8: ವೈದ್ಯರ ಬಳಿ

ಕುತ್ತಿಗೆಯ ಗಂಟಿಗೆ ಮೊದಲ ವಿಳಾಸ ಕಿವಿ-ಮೂಗು-ಗಂಟಲು ತಜ್ಞರು ಅಥವಾ ಜನರಲ್ ಸರ್ಜನ್. ಥೈರಾಯ್ಡಿನ ಹಾರ್ಮೋನು ಏರುಪೇರಿಗೆ ಫಿಸಿಷಿಯನ್ ಅಥವಾ ಎಂಡೊಕ್ರೈನಾಲಜಿಸ್ಟ್, ಎಂದರೆ ಹಾರ್ಮೋನು ತಜ್ಞರು. ತಾಲೂಕು ಆಸ್ಪತ್ರೆಯಲ್ಲಿ ಆಗದ್ದನ್ನು ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಮುಂದೆ ಚಿಕಿತ್ಸೆ ಬೇಕಾದರೆ ಆ ಶಿಫಾರಸು ಪತ್ರ ಉಪಯೋಗಕ್ಕೆ ಬರುತ್ತದೆ.

ಬರೆದಿಟ್ಟ ಕಾಗದ ತೋರಿಸಿ. ತಿನ್ನುವ-ಸೇದುವ ಅಭ್ಯಾಸಗಳನ್ನು ಮನೆಯವರ ಎದುರು ಹೇಳಲು ಸಂಕೋಚವಾದರೆ ಅವರನ್ನು ಹೊರಗೆ ಕಳುಹಿಸಿ ಹೇಳಿ. ಮನೆಯಲ್ಲಿ ಯಾರಿಗಾದರೂ ಕ್ಷಯ ಅಥವಾ ಥೈರಾಯ್ಡ್ ಕ್ಯಾನ್ಸರ್ ಆಗಿತ್ತೇ, ಬಾಲ್ಯದಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿತ್ತೇ ಎಂಬುದೂ ಬೇಕು. ವೈದ್ಯರು ನಿಮ್ಮ ಹಿಂದೆ ನಿಂತು ಕುತ್ತಿಗೆ ಮುಟ್ಟಿ ನುಂಗಿಸುತ್ತಾರೆ, ಬಾಯಲ್ಲಿ ಬೆರಳಿಟ್ಟು ನಾಲಿಗೆಯ ಬುಡ ನೋಡುತ್ತಾರೆ, ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಇಳಿಸಿ ಧ್ವನಿಪೆಟ್ಟಿಗೆ ನೋಡುತ್ತಾರೆ. ಜೀವಂತ ಮನುಷ್ಯನ ಧ್ವನಿತಂತುಗಳನ್ನು ಕನ್ನಡಿಯ ಮೂಲಕ ಸ್ಪಷ್ಟವಾಗಿ ನೋಡಿ ವಿವರಿಸಿದವರು ವೈದ್ಯರಲ್ಲ, ಮಾನ್ವೆಲ್ ಗಾರ್ಸಿಯಾ ಎಂಬ ಸಂಗೀತ ಶಿಕ್ಷಕರು, 1854ರಲ್ಲಿ, ತಮ್ಮದೇ ಗಂಟಲಿನೊಳಗೆ.

ಬಾಯಿಯನ್ನೂ ಗಂಟಲನ್ನೂ ನೋಡದೆ ನೇರವಾಗಿ ಗಂಟನ್ನು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳುಹಿಸೋಣ ಎಂದರೆ ಎರಡನೆಯ ಅಭಿಪ್ರಾಯ ಪಡೆಯಿರಿ. ಮೂಲದ ಹುಣ್ಣು ಬಾಯಲ್ಲೋ ಗಂಟಲಲ್ಲೋ ಇದ್ದಾಗ ಕುತ್ತಿಗೆಯನ್ನು ಮೊದಲೇ ಕೊಯ್ದರೆ ಮುಂದಿನ ಚಿಕಿತ್ಸೆ ಜಟಿಲವಾಗುತ್ತದೆ; ಮೊದಲು ಸೂಜಿ, ಆಮೇಲೆ ಬೇಕಿದ್ದರೆ ಕತ್ತಿ ಎಂಬುದೇ ಕ್ರಮ. ಪರೀಕ್ಷೆಯೇ ಇಲ್ಲದೆ ಆ್ಯಂಟಿಬಯಾಟಿಕ್ ಕೋರ್ಸುಗಳನ್ನು ಒಂದರ ಮೇಲೊಂದು ನುಂಗುವುದೂ ಹಾನಿಕರ. ಲಿವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಕ್ಷಯವನ್ನು ಅರೆಬರೆ ಅಡಗಿಸುತ್ತವೆ, ಸ್ಟೀರಾಯ್ಡುಗಳು ದುಗ್ಧಗ್ರಂಥಿಯ ಕ್ಯಾನ್ಸರನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತವೆ. ಎರಡರಿಂದಲೂ ರೋಗ ಪತ್ತೆ ತಡವಾಗುತ್ತದೆ.

ಹಂತ 9: ಪರೀಕ್ಷೆಗಳು ಮತ್ತು ವರದಿಗಳು

ಥೈರಾಯ್ಡಿನ ಗಂಟಾದರೆ ಮೊದಲು ಟಿಎಸ್‌ಎಚ್, ಎಂದರೆ ಥೈರಾಯ್ಡಿಗೆ ಕೆಲಸ ಹೇಳುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನಿನ ರಕ್ತಪರೀಕ್ಷೆ, ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್. ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ, ಪ್ರಯೋಗಾಲಯಕ್ಕೂ ತಿಳಿಸಿ. ಅದು ಟಿಎಸ್‌ಎಚ್ ಅಂಕಿಯನ್ನು ಸುಳ್ಳಾಗಿ ತಗ್ಗಿಸಿ ತೋರಿಸಬಲ್ಲದು.

ಅತಿ ಹೆಚ್ಚು ಜನ ಜಾರಿಬೀಳುವುದು ಇಲ್ಲಿಯೇ. ‘ಥೈರಾಯ್ಡ್ ಟೆಸ್ಟ್ ನಾರ್ಮಲ್ ಬಂತು’ ಎಂದು ಗಂಟನ್ನು ಮರೆತುಬಿಡುತ್ತಾರೆ. ಟಿಎಸ್‌ಎಚ್ ಹೇಳುವುದು ಗ್ರಂಥಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಮಾತ್ರ. ಅದರಲ್ಲಿರುವ ಗಂಟು ಎಂಥದು ಎಂಬುದನ್ನಲ್ಲ. ಥೈರಾಯ್ಡ್ ಕ್ಯಾನ್ಸರ್ ಇರುವ ಬಹುತೇಕರ ಟಿಎಸ್‌ಎಚ್ ಸಹಜವಾಗಿಯೇ ಇರುತ್ತದೆ. ಟಿಎಸ್‌ಎಚ್ ತೀರಾ ಕಡಿಮೆ ಬಂದರೆ ಐಸೊಟೋಪ್ ಸ್ಕ್ಯಾನ್, ಎಂದರೆ ಅಲ್ಪ ವಿಕಿರಣ ಸೂಸುವ ವಸ್ತುವನ್ನು ಕೊಟ್ಟು ಗಂಟು ಅದನ್ನು ಎಷ್ಟು ಹೀರುತ್ತದೆ ಎಂದು ನೋಡುವ ಪರೀಕ್ಷೆ, ಮಾಡಿಸುತ್ತಾರೆ, ಏಕೆಂದರೆ ಹಾರ್ಮೋನನ್ನು ತಾನೇ ಉತ್ಪಾದಿಸುವ ‘ಬಿಸಿ’ ಗಂಟು ಕ್ಯಾನ್ಸರ್ ಆಗಿರುವುದು ಅಪರೂಪ. ಗರ್ಭಿಣಿಯರಿಗೆ ಈ ಸ್ಕ್ಯಾನ್ ಮಾಡುವಂತಿಲ್ಲ.

ಅಲ್ಟ್ರಾಸೌಂಡ್ ವರದಿಯಲ್ಲಿ ‘ಟೈರಾಡ್ಸ್’ ಎಂಬ ಪದದ ಮುಂದೆ 1ರಿಂದ 5ರವರೆಗಿನ ಅಂಕಿ ಇರುತ್ತದೆ. ಅಂಕಿ ಏರಿದಂತೆ ಅನುಮಾನ ಏರುತ್ತದೆ. ಅಮೆರಿಕದ ರೇಡಿಯಾಲಜಿ ಕಾಲೇಜಿನ 2017ರ ಸೂತ್ರದಂತೆ 3ನೆಯ ದರ್ಜೆಗೆ 2.5 ಸೆಂ.ಮೀ., 4ಕ್ಕೆ 1.5 ಸೆಂ.ಮೀ., 5ಕ್ಕೆ 1 ಸೆಂ.ಮೀ. ಮುಟ್ಟಿದ ಮೇಲೆ ಸೂಜಿ ಪರೀಕ್ಷೆ. ಅದಕ್ಕಿಂತ ಚಿಕ್ಕದಾದರೆ ಕಾದು ಮತ್ತೆ ಸ್ಕ್ಯಾನ್ ಮಾಡುವುದು ನಿರ್ಲಕ್ಷ್ಯವಲ್ಲ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿ, 4 ಮಿ.ಮೀ. ಗಂಟು ಎಂದು ಓದಿ ನಿದ್ದೆಗೆಡುವವರು ಇದನ್ನು ಎರಡು ಸಲ ಓದಲಿ. ಥೈರಾಯ್ಡಿನ ಗಂಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲ.

ಸೂಜಿ ಪರೀಕ್ಷೆ, ಎಂದರೆ ಎಫ್‌ಎನ್‌ಎಸಿ, ರಕ್ತ ತೆಗೆಯುವ ಸೂಜಿಗಿಂತ ದಪ್ಪವಲ್ಲದ, ಹಲವು ಸಲ ಅದಕ್ಕಿಂತ ತೆಳುವಾದ ಸೂಜಿಯಿಂದ ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಉಪವಾಸ ಬೇಕಿಲ್ಲ, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮುಂಚೆ ಹೇಳಬೇಕು. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತಿಗೆ ಹೆದರಿ ಈ ಪರೀಕ್ಷೆ ಬಿಡುವವರು ಇಂದಿಗೂ ಇದ್ದಾರೆ. ಇಷ್ಟು ತೆಳು ಸೂಜಿಯ ದಾರಿಯಲ್ಲಿ ಅದು ಹರಡುವುದು ತೀರಾ ಅಪರೂಪ. ಪರೀಕ್ಷೆ ಬಿಟ್ಟರೆ ರೋಗ ತನ್ನ ದಾರಿಯಲ್ಲಿ ಹರಡುವುದು ಖಂಡಿತ.

ಥೈರಾಯ್ಡ್ ಸೂಜಿ ವರದಿಯಲ್ಲಿ ‘ಬೆಥೆಸ್ಡಾ’ 1ರಿಂದ 6ರವರೆಗೆ ಇರುತ್ತದೆ. ಎರಡು ಎಂದರೆ ನಿರಪಾಯ, ಆರು ಎಂದರೆ ಕ್ಯಾನ್ಸರ್. ಆದರೆ ಒಂದು ಎಂದರೆ ಅತ್ಯುತ್ತಮ ಎಂದು ತಿಳಿಯಬೇಡಿ: ಸಾಕಷ್ಟು ಕೋಶಗಳು ಸಿಗಲಿಲ್ಲ, ಮತ್ತೆ ಮಾಡಬೇಕು ಎಂದು ಅದರ ಅರ್ಥ. ನಾಲ್ಕು ಬಂದರೆ ಅನೇಕರಿಗೆ ಅರ್ಧ ಥೈರಾಯ್ಡ್ ತೆಗೆದು ನೋಡುವ ಸಲಹೆ ಸಿಗುತ್ತದೆ. ಈ ದರ್ಜೆಯಲ್ಲಿ ಅನುಮಾನಿಸುವ ಫಾಲಿಕ್ಯುಲರ್ ಬಗೆಯ ಗಡ್ಡೆ ತನ್ನ ಹೊರಪೊರೆಯನ್ನು ದಾಟಿದೆಯೇ ಎಂಬುದರಿಂದ ಮಾತ್ರ ಕ್ಯಾನ್ಸರೋ ಅಲ್ಲವೋ ತಿಳಿಯುತ್ತದೆ, ಬಿಡಿ ಕೋಶಗಳಲ್ಲಿ ಅದು ಕಾಣುವುದಿಲ್ಲ.

ಪಕ್ಕದ ದುಗ್ಧಗ್ರಂಥಿಯಾದರೆ ಸೂಜಿಯಲ್ಲಿ ಬಂದದ್ದನ್ನು ಕ್ಷಯದ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆಗೂ ಕಳುಹಿಸುವಂತೆ ಕೇಳಿ. ಹಿಂದಿನವರು ಗಂಡಮಾಲೆ ಎನ್ನುತ್ತಿದ್ದ, ಸರದ ಮಣಿಗಳಂತೆ ಒಂದಕ್ಕೊಂದು ಅಂಟಿಕೊಂಡ ಗಂಟುಗಳು ಹೆಚ್ಚಾಗಿ ಕ್ಷಯದವು. ಕೆಮ್ಮು ಇಲ್ಲದೆಯೂ ಇದು ಬರುತ್ತದೆ, ಸರ್ಕಾರದಿಂದ ಔಷಧ ಉಚಿತ, ಪೂರ್ತಿ ಅವಧಿ ತೆಗೆದುಕೊಂಡರೆ ವಾಸಿಯಾಗುತ್ತದೆ. ಚಿಕಿತ್ಸೆಯ ನಡುವೆ ಗಂಟು ಕೆಲವು ದಿನ ದೊಡ್ಡದಾಗಬಹುದು. ಆಗ ಮಾತ್ರೆ ಬಿಡದೆ ವೈದ್ಯರಿಗೆ ತೋರಿಸಿ. ನಲವತ್ತು ದಾಟಿದವರ ದವಡೆಯ ಮೂಲೆಯ ಕೆಳಗಿನ ಗಂಟಿನಲ್ಲಿ ಬರಿ ನೀರು ಬಂತು, ‘ಸಿಸ್ಟ್’ ಅಷ್ಟೆ ಎಂದರೆ ಅಲ್ಲಿಗೆ ಬಿಡಬೇಡಿ. ಟಾನ್ಸಿಲ್ ಅಥವಾ ಥೈರಾಯ್ಡಿನ ಕ್ಯಾನ್ಸರ್ ಹರಡಿದ ಗ್ರಂಥಿಯೂ ನೀರುಗುಳ್ಳೆಯಂತೆ ಕಾಣುತ್ತದೆ.

ಹಂತ 10: ಥೈರಾಯ್ಡ್ ಶಸ್ತ್ರಚಿಕಿತ್ಸೆ ಎಂದಾದರೆ

ನಾಲ್ಕು ಪ್ರಶ್ನೆ ಕೇಳಿ: ಅರ್ಧ ತೆಗೆಯುವಿರೋ ಪೂರ್ತಿಯೋ, ಮೊದಲೇ ಧ್ವನಿತಂತುಗಳನ್ನು ನೋಡುವಿರೋ, ಕ್ಯಾಲ್ಸಿಯಂ ಯಾವಾಗ ಪರೀಕ್ಷಿಸುವಿರಿ, ಇಂಥ ಶಸ್ತ್ರಚಿಕಿತ್ಸೆ ಇಲ್ಲಿ ನಿಯಮಿತವಾಗಿ ನಡೆಯುತ್ತದೆಯೋ. ಪ್ರಶ್ನೆಗಳ ಹಿಂದೆ ಇರುವುದೂ ಅಂಗರಚನೆಯೇ. ಮೇಲೆ ಹೇಳಿದ ಧ್ವನಿಯ ನರ ಗ್ರಂಥಿಗೆ ಒತ್ತಿಕೊಂಡೇ ಹಾದುಹೋಗುತ್ತದೆ. ಮೇಲ್ತುದಿಯ ಅಪಧಮನಿಯ ಪಕ್ಕ ಇನ್ನೊಂದು ಸಣ್ಣ ನರವಿದ್ದು, ಅದಕ್ಕೆ ಪೆಟ್ಟಾದರೆ ಮಾತು ಸರಿಯಿದ್ದರೂ ತಾರಸ್ಥಾಯಿ ಹೋಗುತ್ತದೆ. ಹಾಡುವವರು, ಪಾಠ ಮಾಡುವವರು, ಯಕ್ಷಗಾನದ ಭಾಗವತರು ತಮ್ಮ ಕೆಲಸ ಏನೆಂದು ಶಸ್ತ್ರವೈದ್ಯರಿಗೆ ಮೊದಲೇ ಹೇಳಬೇಕು. ಗ್ರಂಥಿಯ ಹಿಂಬದಿಗೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡುಗಳು ಬೇಳೆಕಾಳಿನಂತೆ ಅಂಟಿರುತ್ತವೆ. ರಕ್ತದ ಕ್ಯಾಲ್ಸಿಯಂ ಕಾಯುವುದು ಅವು.

ಪೂರ್ತಿ ಥೈರಾಯ್ಡ್ ತೆಗೆದ ನಂತರದ ಮೊದಲ ಕೆಲವು ದಿನಗಳಲ್ಲಿ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮ್ಮೆಂದರೆ ಅಥವಾ ಕೈಬೆರಳುಗಳು ಸೆಟೆದುಕೊಂಡರೆ ಕ್ಯಾಲ್ಸಿಯಂ ಇಳಿದಿದೆ. ಅದೇ ದಿನ ಆಸ್ಪತ್ರೆಗೆ ಹೋಗಿ. ಮೊದಲ ರಾತ್ರಿಯಲ್ಲಿ ಕುತ್ತಿಗೆ ಬಿಗಿದು ಊದಿ ಉಸಿರು ಕಟ್ಟಿದಂತಾದರೆ ಒಳಗೆ ರಕ್ತಸ್ರಾವವಾಗಿದೆ ಎಂದು ತಿಳಿದು, ನರ್ಸ್ ಬರುವವರೆಗೆ ಕಾಯದೆ ಪಕ್ಕದಲ್ಲಿರುವವರು ಕೂಗಿ ಕರೆಯಬೇಕು. ಪೂರ್ತಿ ಗ್ರಂಥಿ ತೆಗೆದವರು ಥೈರಾಕ್ಸಿನ್ ಮಾತ್ರೆಯನ್ನು ಜೀವನಪೂರ್ತಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಂದ ನಾಲ್ಕು ಗಂಟೆ ದೂರವಿಟ್ಟು ತೆಗೆದುಕೊಳ್ಳಬೇಕು.

ಉಪ್ಪಿನ ಬಗ್ಗೆಯೂ ಪ್ರಶ್ನೆಗಳು ಬರುತ್ತಿರುತ್ತವೆ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಅಧ್ಯಯನ ಅಯೋಡಿನ್ ಸೇರಿಸಿದ ಉಪ್ಪಿನಿಂದ ಗಳಗಂಡ ಇಳಿಯುವುದನ್ನು ತೋರಿಸಿತು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಬಂತು. ಇಂದು ಅಂಗಡಿಯಿಂದ ಮನೆ ತಲುಪುವ ಉಪ್ಪಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು. ಆರೋಗ್ಯಕ್ಕೆ ಒಳ್ಳೆಯದೆಂದು ಬರಿಯ ಕಲ್ಲುಪ್ಪಿಗೋ ಸೈಂಧವ ಲವಣಕ್ಕೋ ಪೂರ್ತಿಯಾಗಿ ಹೊರಳಿದ ಮನೆಗಳಲ್ಲಿ, ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದು ಬರೆದಿಲ್ಲದಿದ್ದರೆ, ಅದು ಸಿಗುತ್ತಿಲ್ಲ ಎಂದೇ ಲೆಕ್ಕ. ಹಾಗೆಂದು ಈಗಾಗಲೇ ಬೆಳೆದ ಗಂಟಿಗೆ ಅಯೋಡಿನ್ ಹನಿಗಳನ್ನೋ ಕಡಲಪಾಚಿಯ ಮಾತ್ರೆಗಳನ್ನೋ ತಾವಾಗಿ ತೆಗೆದುಕೊಳ್ಳಬಾರದು. ಹಳೆಯ ಗಂಟುಗಳಿರುವ ಗ್ರಂಥಿಗೆ ಒಮ್ಮೆಲೇ ಹೆಚ್ಚು ಅಯೋಡಿನ್ ಸಿಕ್ಕರೆ ಹಾರ್ಮೋನು ವಿಪರೀತ ಏರಿ, ಎದೆಬಡಿತ ಹೆಚ್ಚಿ, ಹೃದಯದ ಲಯವೇ ತಪ್ಪಬಹುದು.